ಬಲಕ್ಕೆ ಬಿದ್ದ ಎಸಳು

ನನ್ನ ತಮ್ಮ ಸುಡಾನಿನಲ್ಲಿ ಐಸ್ ಮಾಡುತ್ತಿದ್ದ. ಊರಲ್ಲಿ ಯಾರಾದರೂ ಕೇಳಿದರೆ ನಾನು ಹೀಗೇ ಹೇಳುತ್ತಿದ್ದೆ, ಕೇಳಿದವರು ನಗುತ್ತಿದ್ದರು. ಅವನು ಕೆಲಸ ಕಲಿತದ್ದು ತದಡಿ ಬಂದರಿನಲ್ಲಿ, ಮೀನಿನ ಬೋಟುಗಳಿಗೆ ಐಸ್ ಕೊಡುವ ಫ್ಯಾಕ್ಟರಿಯಲ್ಲಿ. ಕಂಪ್ರೆಸರಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ. ಮನೆಗೆ ಬಂದರೆ ಮೈಯೆಲ್ಲ ಐಸ್ ಕಟ್ಟಿಸುವ ಅಮೋನಿಯಾದ ನಾತ. ಅವ್ವಿ ಅವನನ್ನು ಬಾವಿಕಟ್ಟೆಯಲ್ಲೇ ತಡೆದು, ಮಿಂದ ಮೇಲೆಯೇ ಒಳಗೆ ಬಿಡುತ್ತಿದ್ದಳು. ಭಟ್ಕಳದ ಸ್ನೇಹಿತನೊಬ್ಬ ಖಾರ್ಟೂಮಿನ ಬಟ್ಟೆ ಅಂಗಡಿಯಲ್ಲಿದ್ದ. ಅವನ ಮೂಲಕ ಅಲ್ಲಿಯ ಒಬ್ಬ ಸಾಹೇಬರ ಐಸ್ ಫ್ಯಾಕ್ಟರಿಗೆ ಇವನೂ ಹೋದ. ಇಬ್ಬರದೂ ಒಂದೇ ಕೋಣೆ.

ನಾನು ಮಿರ್ಜಾನಿನವಳು, ನನ್ನನ್ನು ಕೊಟ್ಟದ್ದೂ ಮಿರ್ಜಾನಿಗೇ. ಎರಡು ಗದ್ದೆ ದಾಟಿದರೆ ತವರು. ಕುಮಟೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ 'ಅಕ್ಕೋರು' ಅನ್ನುತ್ತಾರೆ, ಊರಿಗೆಲ್ಲ ನಾನು ಅಕ್ಕೋರು. ಇಪ್ಪತ್ತು ವರ್ಷ ಗೋಡೆಗೆ ನಕಾಶೆ ಹಾಕಿ ಕೋಲಿನಲ್ಲಿ ದೇಶ ತೋರಿಸಿದವಳಿಗೆ ಜಗತ್ತೆಲ್ಲ ತನಗೇ ಗೊತ್ತು ಅನ್ನುವ ಸೊಕ್ಕು ಬಂದುಬಿಡುತ್ತದೆ. ನನಗೂ ಬಂದಿತ್ತು, ಮಣಗಟ್ಟಲೆ ಬಂದಿತ್ತು.

ನಮ್ಮ ಮನೆಯಲ್ಲಿ ದೊಡ್ಡ ಕೆಲಸ ಯಾವುದಿದ್ದರೂ ಗ್ರಾಮದೇವರ ಪ್ರಸಾದ ಕೇಳದೆ ಮುಂದೆ ಹೋಗುವ ರೂಢಿಯಿಲ್ಲ. ಪೂಜೆ ಮಾಡುವ ಗುನಗರು ದೇವರ ಕಲ್ಲನ್ನು ತೋಯಿಸಿ, ಎಡಕ್ಕೂ ಬಲಕ್ಕೂ ಹೂವಿನ ಎಸಳು ಹಚ್ಚುತ್ತಾರೆ. ನಾವು ಕೇಳಬೇಕಾದ್ದನ್ನು ಅವರು ದೇವರಿಗೆ ಹೇಳುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ನನ್ನ ಮದುವೆಗೆ ಕೇಳಿದ್ದರು, ಬಾವಿ ತೋಡುವಾಗ ಕೇಳಿದ್ದರು, ತಮ್ಮ ಸುಡಾನಿಗೆ ಹೊರಟಾಗಲೂ ಕೇಳಿದ್ದರು. ನಾನು ಇದನ್ನೆಲ್ಲ ನಂಬುವವಳಲ್ಲ. ಒದ್ದೆ ಕಲ್ಲು ಒಣಗಿದರೆ ಎಸಳು ಬೀಳದೆ ಇನ್ನೆಂತ ಮಾಡುತ್ತದೆ ಎಂದು ಅವ್ವಿಯನ್ನು ರೇಗಿಸುತ್ತಿದ್ದೆ. "ನಿನ್ನ ಪುಸ್ತಕ ನೀ ಓದ್ಕ, ನನ್ನ ದೇವ್ರ ಸುದ್ದಿಗೆ ಬರಬೇಡ" ಅನ್ನುತ್ತಿದ್ದಳು ಅವಳು.

ಎಸ್ಸೆಸ್ಸೆಲ್ಸಿ ಪೇಪರು ತಿದ್ದುವ ದಿನಗಳಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಆ ದೇಶದ ಸೈನ್ಯಕ್ಕೂ, ಅದರದೇ ಜೊತೆಯಲ್ಲಿ ಬೆಳೆದ ಇನ್ನೊಂದು ಪಡೆಗೂ ರಾಜಧಾನಿಯ ಬೀದಿಯಲ್ಲೇ ಹೊಡೆದಾಟ. ತಮ್ಮನೂ ಭಟ್ಕಳದ ಹುಡುಗನೂ ಒಂಬತ್ತು ದಿನ ಕೋಣೆಯಲ್ಲಿ ನೆಲಕ್ಕೆ ಮಲಗಿ ಕಳೆದರು. ಕುಡಿಯಲು ಐಸ್ ಕರಗಿಸಿದ ನೀರು. ಆಮೇಲೆ ನಮ್ಮ ಸರ್ಕಾರ ಹಡಗು ಕಳಿಸಿತು. ಆದರೆ ಹಡಗು ನಿಂತ ಬಂದರು ಎಲ್ಲೋ ಮೂಲೆಯಲ್ಲಿ, ಎಂಟುನೂರು ಕಿಲೋಮೀಟರಿಗೂ ಆಚೆ. ಬಸ್ಸಿನಲ್ಲಿ ಹೋಗಬೇಕು, ದಾರಿಯುದ್ದ ಬಂದೂಕು ಹಿಡಿದವರ ತಪಾಸಣೆ.

ಬಸ್ಸು ಹೊರಡುವ ಹಿಂದಿನ ದಿನ ತಮ್ಮ ಫೋನು ಮಾಡಿದ.

"ಅಕ್ಕ, ನಂಗೆ ಎಂತ ಮಾಡೂದು ಅಂತ ತಿಳೀತಿಲ್ಲ. ನಾಳೆ ಬೆಳಿಗ್ಗೆ ಬಸ್ ಹೊರಡ್ತದೆ. ಸಾಹೇಬ್ರು ನಮ್ಮ ಸಂಗ್ತಿಗೆ ಬಾ ಅಂತ್ರು. ಪಕ್ಕದ ಪ್ರಾಂತ್ಯದಾಗೆ ಅವ್ರದ್ದು ಇನ್ನೊಂದು ಫ್ಯಾಕ್ಟರಿ ಉಂಟು, ಅಲ್ಲಿ ಗಲಾಟೆ ಇಲ್ಲ."

ನಾನು ಕೂಡಲೇ ನಕಾಶೆ ಬಿಚ್ಚಿದೆ. ಖಾರ್ಟೂಮಿನಿಂದ ಆ ಫ್ಯಾಕ್ಟರಿಯಿದ್ದ ಊರಿಗೆ ಕುಮಟೆಯಿಂದ ಮಂಗಳೂರಿಗೆ ಹೋದಷ್ಟು ದೂರ. ನದಿ ದಂಡೆಯ ಊರು, ಸುತ್ತ ಹೊಲ, ಕಾಲುವೆ. ಸೈನ್ಯದ ದೊಡ್ಡ ಠಾಣ್ಯವೇ ಅಲ್ಲಿತ್ತು. ರಾಜಧಾನಿಯ ಜನವೆಲ್ಲ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಓಡುತ್ತಿದ್ದರು. ಅದೇ ದಿನ ಮೊಬೈಲಿನಲ್ಲಿ ಯಾರೋ ಕಳಿಸಿದ್ದ ವೀಡಿಯೋದಲ್ಲಿ ಹೆದ್ದಾರಿ ಪಕ್ಕ ಸುಟ್ಟು ಕರಕಲಾದ ಬಸ್ಸೊಂದಿತ್ತು. ಯಾವ ದೇಶದ್ದೋ, ಯಾವ ವರ್ಷದ್ದೋ, ನನಗೆ ಇಂದಿಗೂ ಗೊತ್ತಿಲ್ಲ.

"ಬಸ್ಸು ಹತ್ತಬೇಡ," ಅಂದೆ. "ಸಾಹೇಬ್ರ ಸಂಗ್ತಿಗೆ ಹೋಗು. ಯುದ್ಧ ಇರೂದು ರಾಜಧಾನಿಗೆ, ಗದ್ದೆ ತೋಟಕ್ಕಲ್ಲ."

"ಅಕ್ಕ, ಸಿಟ್ಟು ಮಾಡಬೇಡ. ಅವ್ವಿ ಹತ್ರ ಹೇಳಿ ಪ್ರಸಾದ ಕೇಳ್ಸು. ದೇವ್ರು ಎಂತ ಹೇಳ್ತನೋ ಹಂಗೇ ಮಾಡ್ತೆ" ಅಂದ.

ನನಗೆ ಮೈ ಉರಿದುಹೋಯಿತು. ಅಷ್ಟು ದೊಡ್ಡ ನಕಾಶೆ ಬಿಡಿಸಿ ಹೇಳಿದವಳ ಮಾತಿಗೆ ಬೆಲೆಯಿಲ್ಲ, ಎಸಳಿನ ಮಾತಿಗೆ ಬೆಲೆ!

ಆ ಹೊತ್ತಿಗೆ ಅವ್ವಿಗೆ ಸೂತಕ. ಅಪ್ಪನ ಕಡೆಯ ದಾಯಾದಿಯೊಬ್ಬರು ತೀರಿಕೊಂಡು ನಾಲ್ಕು ದಿನವಾಗಿತ್ತು, ಹನ್ನೊಂದು ದಿನ ಕಳೆಯದೆ ಅವಳು ದೇವಸ್ಥಾನದ ಮೆಟ್ಟಿಲು ಹತ್ತುವಂತಿಲ್ಲ. ನಾನು ಮದುವೆಯಾಗಿ ಬೇರೆ ಮನೆ ಸೇರಿದವಳು, ನನಗೆ ಆ ಸೂತಕ ತಾಗದು. "ಮಿಂದ್ಕಂಡು ನೀನೇ ಹೋಗು ಮಗಾ," ಅಂದಳು, "ಹಸಿದ ಹೊಟ್ಟೇಲಿ ಹೋಗು. ಅಡ್ಡ ಮಾತು ಆಡಬೇಡ." ದೇವರನ್ನು ನಂಬದವಳ ಕೈಯಲ್ಲೇ ದೇವರ ಮಾತು ತರಿಸಬೇಕಾಗಿ ಬಂತು. ಅವಳಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಮಗಳು ಕೊಂಕು ಮಾತಾಡಬಹುದು, ಸುಳ್ಳು ಹೇಳುವುದಿಲ್ಲ ಎಂದು ಅವಳ ಲೆಕ್ಕ.

ದೇವಸ್ಥಾನದಲ್ಲಿ ಗುನಗರು, ನಾನು, ಇಬ್ಬರೇ. ಗುನಗರು ಎಸಳು ಹಚ್ಚಿ ಕೈಮುಗಿದು ನಿಂತರು. "ಹೊರದೇಶದಾಗೆ ನಿನ್ನ ಮಗ ಕಷ್ಟದಲ್ಲಿ ಸಿಕ್ಕೊಂಡ. ಬಸ್ ಹತ್ತಿ ಊರಿಗೆ ಹೊರಡೂದೇ ಒಳ್ಳೇದಾದ್ರೆ ಬಲಕ್ಕೆ ಕೊಡು. ಅಲ್ಲೇ ನಿಲ್ಲೂದು ಒಳ್ಳೇದಾದ್ರೆ ಎಡಕ್ಕೆ ಕೊಡು" ಎಂದರು. ಅರ್ಧ ಗಂಟೆ ಕಾದು ನಿಲ್ಲಬೇಕಾಗುತ್ತದೆ ಎಂದುಕೊಂಡಿದ್ದೆ. ಅವರು ಕೈ ಇಳಿಸುವ ಮೊದಲೇ ಬಲಗಡೆಯ ಎಸಳು ಬಿತ್ತು. ಜಾರಿಕೊಂಡು ಬರಲಿಲ್ಲ, ಯಾರೋ ಕಿತ್ತು ಎಸೆದ ಹಾಗೆ ಬಿತ್ತು.

"ಆತು ಅಕ್ಕೋರೆ. ಇಷ್ಟು ಬೇಗ ಕೊಡೂದಿಲ್ಲ ಅಂವ," ಗುನಗರಿಗೆ ಖುಷಿ. "ತಮ್ಮಂಗೆ ಈಗ್ಲೇ ಹೊರಡೂಕೆ ಹೇಳಿ."

ಗದ್ದೆಯ ಹಾಳಿಯ ಮೇಲೆ, ಬದುವಿನ ದಾರಿಯಲ್ಲಿ, ತವರಿಗೆ ನಡೆದೆ. ದಾರಿ ಇದ್ದದ್ದು ಹತ್ತು ನಿಮಿಷದ್ದು. ಅಷ್ಟರಲ್ಲಿ ನನ್ನ ಕಣ್ಣ ಮುಂದೆ ಆ ಸುಟ್ಟ ಬಸ್ಸು ಹತ್ತು ಸಲ ಬಂದು ನಿಂತಿತು. ನನ್ನ ತಮ್ಮ ಒಂದು ಎಸಳಿನ ಮಾತು ಕೇಳಿ ಅದರೊಳಗೆ ಕೂತು ಸುಟ್ಟುಹೋದರೆ? ನಾನು ತಿಳಿದವಳು, ಓದಿದವಳು, ನೋಡಿಕೊಂಡು ಸುಮ್ಮನಿರಲೇ? ಅವನನ್ನು ಉಳಿಸುತ್ತಿದ್ದೇನೆ ಅಂತಲೇ ಅಂದುಕೊಂಡೆ. ಇದನ್ನು ನನ್ನ ಪರವಾಗಿ ಬರೆಯುತ್ತಿಲ್ಲ, ಇದ್ದದ್ದು ಹಾಗೆ.

ಅವ್ವಿ ಜಗುಲಿಯಲ್ಲೇ ನಿಂತಿದ್ದಳು. "ಎಂತ ಆತು?"

"ಎಡಕ್ಕೆ ಆತು ಅವ್ವಿ."

"ಎಡಕ್ಕೇ?"

"ಹೂಂ. ಹೊರಡೂದು ಬೇಡ ಅಂತು."

ಅವಳೇ ಫೋನಿನಲ್ಲಿ ಮಗನಿಗೆ ಹೇಳಿದಳು: "ಮಗಾ, ದೇವ್ರು ಹೊರಡೂದು ಬೇಡ ಅಂದ. ಸಾಹೇಬ್ರ ಸಂಗ್ತಿಗೆ ಹೋಗಿ ಸುಮ್ಮಂಗಿರು." ಅವನು "ಆತು ಅವ್ವಿ" ಅಂದದ್ದು ನನಗೂ ಕೇಳಿತು. ಒಂದೇ ಒಂದು ಎದುರು ಮಾತಿಲ್ಲ.

ಭಟ್ಕಳದ ಹುಡುಗ ಆ ಬಸ್ಸಿನಲ್ಲೇ ಹೊರಟ. ಬಸ್ಸು ಬಂದರು ಮುಟ್ಟಿತು, ಹಡಗು ಸಮುದ್ರ ದಾಟಿತು, ಆಚೆ ದಡದಲ್ಲಿ ವಿಮಾನ ಹತ್ತಿ ಅವನು ಬೆಂಗಳೂರಿನಲ್ಲಿ ಇಳಿದ. ವಾರದೊಳಗೆ ಮಿರ್ಜಾನಿಗೂ ಬಂದ, ಅವ್ವಿಗೆಂದು ತಮ್ಮ ಕೊಟ್ಟಿದ್ದ ಖರ್ಜೂರದ ಪೊಟ್ಟಣ ಹಿಡಿದುಕೊಂಡು. ಅವ್ವಿ ಅವನಿಗೆ ಬಾಳೆಹಣ್ಣು, ಅವಲಕ್ಕಿ ಕೊಟ್ಟು ಕೂರಿಸಿದಳು.

"ನಿಮ್ಮ ಮಗ ಭಾರೀ ಹಟದವ ಅಮ್ಮಾ," ಎಂದು ನಗುತ್ತ ಹೇಳಿದ. "ನನ್ನ ಪಕ್ಕದ ಸೀಟು ಅವನಿಗೇ ಹಿಡಿದಿದ್ದೆ. ಎರಡು ಸಲ ಇಳಿದು ಕರೆದೆ. ಊರಿನ ದೇವರು ಬೇಡ ಅಂದಿದ್ದಾನೆ, ನೀನು ಹೋಗು ಅಂದ. ಕೊನೆಗೆ ಬಂದರಿನ ತನಕ ಆ ಸೀಟಿನಲ್ಲಿ ನನ್ನ ಬ್ಯಾಗೇ ಕೂತು ಬಂತು."

ನಾವೂ ನಕ್ಕೆವು. ಹೌದು, ನಾನೂ ನಕ್ಕೆ. ತಮ್ಮ ಪಕ್ಕದ ಪ್ರಾಂತ್ಯದಲ್ಲಿ ಕ್ಷೇಮವಾಗಿದ್ದ, ನಗುವುದಕ್ಕೆ ಎಂತ ಅಡ್ಡಿ?

ಗುನಗರು ಮಾತ್ರ ಒಮ್ಮೆ ಬಸ್‌ಸ್ಟಾಪಿನಲ್ಲಿ ಸಿಕ್ಕಿ, "ತಮ್ಮ ಬಂದ್ರಾ?" ಎಂದು ಕೇಳಿದರು. "ಬಸ್ಸು ತಪ್ಪಿಹೋಯ್ತು, ಈಗ ಬೇರೆ ಊರಲ್ಲಿ ಚಲೋ ಇದ್ದ" ಎಂದೆ. ಒಂದು ಸುಳ್ಳು ಹೇಳಿದ ಬಾಯಿಗೆ ಎರಡನೆಯದು ತಂತಾನೇ ಬರುತ್ತದೆ. ಅವರು ತಲೆಯಾಡಿಸಿ ಹೋದರು.

ಎಂಟು ತಿಂಗಳು ನನ್ನ ನಕಾಶೆಯೇ ಗೆದ್ದಿತು. ಪ್ರತಿ ಶುಕ್ರವಾರ ಫೋನು ಬರುತ್ತಿತ್ತು. ಫ್ಯಾಕ್ಟರಿ ನದಿಯ ಹತ್ತಿರವಿದೆಯೆಂದೂ, ಸಂಜೆ ದಂಡೆಯಲ್ಲಿ ಕೂತರೆ ಅಘನಾಶಿನಿಯ ನೆನಪಾಗುತ್ತದೆಂದೂ ಹೇಳುತ್ತಿದ್ದ. ಅಲ್ಲಿಯ ಮೀನಿಗೆ ಉಪ್ಪೇ ಹಿಡಿಯುವುದಿಲ್ಲ ಎಂದು ದೂರುತ್ತಿದ್ದ. ಅವ್ವಿ ಸಿಕ್ಕಿದವರಿಗೆಲ್ಲ "ದೇವ್ರು ನನ್ನ ಮಗನ ಕಾದ" ಎಂದು ಹೇಳಿಕೊಂಡು ತಿರುಗಿದಳು. ನಾನು ಒಳಗೊಳಗೇ, ಕಾದದ್ದು ದೇವರಲ್ಲ, ನಿನ್ನ ಮಗಳು ಎಂದುಕೊಳ್ಳುತ್ತಿದ್ದೆ. ಎಂಥ ಸೊಕ್ಕು ನೋಡಿ! ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಡಿಸೆಂಬರಿನಲ್ಲಿ, ಶಾಲೆಯಲ್ಲಿ ಪ್ರವಾಸದ ತಯಾರಿ ನಡೆದಿದ್ದಾಗ, ಸೈನ್ಯದ ಎದುರು ನಿಂತಿದ್ದ ಆ ಇನ್ನೊಂದು ಪಡೆ ತಮ್ಮನಿದ್ದ ಪ್ರಾಂತ್ಯಕ್ಕೆ ನುಗ್ಗಿತು. ರಾಜಧಾನಿಯಲ್ಲಿ ಕೊಳ್ಳೆ ಹೊಡೆಯಲು ಏನೂ ಉಳಿದಿರಲಿಲ್ಲ, ಇಲ್ಲಿ ಸುಗ್ಗಿಯ ಕಣಜ ತುಂಬಿತ್ತು. ಮೂರು ದಿನ ಊರಿನ ಹೊರಗೆ ಗುಂಡಿನ ಸದ್ದು. ತಮ್ಮ ದಿನಕ್ಕೆ ಎರಡು ಸಲ ಫೋನು ಮಾಡುತ್ತಿದ್ದ. "ಸೈನ್ಯ ಉಂಟಲ್ಲ ಅಕ್ಕ, ಬಿಡೂದಿಲ್ಲ" ಅನ್ನುತ್ತಿದ್ದ. ನಾಲ್ಕನೆಯ ದಿನ ಸೈನ್ಯವೇ ಊರು ಬಿಟ್ಟು ಹೋಯಿತು. ಯಾರನ್ನು ನಂಬಿ ಲಕ್ಷಗಟ್ಟಲೆ ಜನ ಅಲ್ಲಿಗೆ ಬಂದು ಸೇರಿದ್ದರೋ, ಅವರೇ ಮೊದಲು ಜಾಗ ಖಾಲಿ ಮಾಡಿದರು.

ಆವತ್ತು ಮಧ್ಯಾಹ್ನ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು ನೋಡಿದರೆ ಮೊಬೈಲಿನಲ್ಲಿ ತಮ್ಮನ ಧ್ವನಿಯ ಸಂದೇಶ. ಹಿಂದೆ ಎಲ್ಲೋ ಪಟಾಕಿಯಂಥ ಸದ್ದು, ಹತ್ತಿರದಲ್ಲಿ ನೀರು ಸುರಿಯುವ ಸದ್ದು.

"ಅಕ್ಕ, ಸೇತುವೆ ದಾಟಿ ಬಂದ್ರಂತೆ. ಸಾಹೇಬ್ರು ಬೆಳಿಗ್ಗೆನೇ ಮನೆಯವ್ರ ಕರ್ಕಂಡು ಕಾರಲ್ಲಿ ಹೋದ್ರು, ನಂಗೆ ಜಾಗ ಇರ್ಲಿಲ್ಲ. ನಾ ಈ ಅಮೋನಿಯಾ ಅಷ್ಟೂ ನೀರಿಗೆ ಬಿಟ್ಟು ಹೊರಡ್ತೆ. ಒಂದು ಗುಂಡು ಬಂದು ಇದಕ್ಕೆ ತಾಗ್ದ್ರೆ ಓಣಿಯವ್ರೆಲ್ಲ ಉಸ್ರು ಕಟ್ಟಿ ಸಾಯ್ತ್ರು, ಪಕ್ಕದ ಮನೇಲಿ ಬಾಣಂತಿ ಇದ್ದು ಹೊರಡೂಕೆ ಆಗ್ಲಿಲ್ಲ ಅವ್ರಿಗೆ. ಅವ್ವಿಗೆ ಹೆದ್ರಬೇಡ ಅನ್ನು. ದೇವ್ರು ನಿಲ್ಲು ಅಂದಿದ್ದ, ನಿಂತಿದ್ದೆ. ಅಂವ ನೋಡ್ಕಂತ."

ನಾನು ತಿರುಗಿ ಕರೆ ಮಾಡಿದೆ, ಹತ್ತಲಿಲ್ಲ. "ಎಲ್ಲ ಬಿಟ್ಟು ಓಡು" ಎಂದು ಬರೆದು ಕಳಿಸಿದೆ. ಆ ಸಂದೇಶದ ಪಕ್ಕ ಒಂದೇ ಟಿಕ್ ಗುರುತು ಬಿತ್ತು. ಎರಡನೆಯದು ಇವತ್ತಿಗೂ ಬಿದ್ದಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆ. ಆಮೇಲೆ ನಾನು ಮಾಡಿದ್ದೆಲ್ಲ ಅದೇ ಜಾತಿಯದು. ಕಾರವಾರಕ್ಕೆ ಹೋಗಿ ಅರ್ಜಿ ಕೊಟ್ಟೆ, ದೆಹಲಿಗೆ ಬರೆದೆ, ಅವನ ಪಾಸ್‌ಪೋರ್ಟಿನ ನಕಲನ್ನು ಎಷ್ಟು ಕಚೇರಿಗೆ ಕಳಿಸಿದೆನೋ ಲೆಕ್ಕವಿಲ್ಲ. ಅಲ್ಲಿ ಫೋನೂ ಇಲ್ಲ, ಕರೆಂಟೂ ಇಲ್ಲ, ಕೇಳಿದರೆ ಹೇಳುವವರೂ ಇಲ್ಲ. ನಿಜವಾಗಿ ಓಡಾಡಿದವನು ಭಟ್ಕಳದ ಹುಡುಗ. ಅರಬ್ಬಿ ಬಲ್ಲವನು. ಈಜಿಪ್ಟಿಗೆ ಓಡಿಹೋಗಿದ್ದ ಹಳೇ ಗಿರಾಕಿಗಳನ್ನೆಲ್ಲ ಹುಡುಕಿ ಹುಡುಕಿ ಕೇಳಿದ. ಒಬ್ಬ ಹೇಳಿದ, ಐಸ್ ಫ್ಯಾಕ್ಟರಿಯ ಹಿಂದಿಯವನನ್ನು, ಅಂದರೆ ಭಾರತದವನನ್ನು, ಇನ್ನೂ ಕೆಲವರ ಜೊತೆ ಗಾಡಿಯಲ್ಲಿ ಹತ್ತಿಸಿಕೊಂಡು ಹೋದರು ಎಂದು. ಇನ್ನೊಬ್ಬ ಹೇಳಿದ, ದಕ್ಷಿಣದ ರಸ್ತೆಯಲ್ಲಿ ನಡೆದು ಹೋಗುತ್ತಿದ್ದುದನ್ನು ನೋಡಿದೆ ಎಂದು. ಎರಡೂ ನಿಜವಿರಲಾರದು. ಎರಡೂ ಸುಳ್ಳಿರಬಹುದು.

ಒಂದು ವರ್ಷ ಕಳೆದು ಸೈನ್ಯ ಆ ಊರನ್ನು ತಿರುಗಿ ಹಿಡಿಯಿತು. ಸಾಹೇಬರು ಹೋಗಿ ಫ್ಯಾಕ್ಟರಿ ನೋಡಿಬಂದರು. ಕಂಪ್ರೆಸರನ್ನೂ ಪೈಪುಗಳನ್ನೂ ಕಿತ್ತು ಒಯ್ದಿದ್ದರು, ಗೋಡೆ ಮಾತ್ರ ಇತ್ತು. ಓಣಿಯಲ್ಲಿ ವಿಷಗಾಳಿ ಹರಡಿದ್ದನ್ನು ಯಾರೂ ಹೇಳಲಿಲ್ಲ. ಅಂದರೆ ನನ್ನ ತಮ್ಮ ಕೆಲಸ ಪೂರ್ತಿ ಮುಗಿಸಿದ್ದ. ಇಷ್ಟೇ ನಮಗೆ ತಿಳಿದದ್ದು.

ಅವ್ವಿ ಅಳಲಿಲ್ಲ, ದೇವರ ಮೇಲೆ ತಿರುಗಿಬಿದ್ದಳು. ದೀಪ ಹಚ್ಚುವುದು ಬಿಟ್ಟಳು. ದೇವಸ್ಥಾನದ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಅಂಗಡಿಗೆ ಹೋದಳು. ಹೊಸ್ತಿನ ಹಬ್ಬದ ದಿನ ಪ್ರತಿ ಮನೆಯಿಂದ ಹೊಸ ಕದಿರು ದೇವರಿಗೆ ಹೋಗಬೇಕು. ಮೊದಲ ವರ್ಷ ನಮ್ಮ ಮನೆಯಿಂದ ಹೋಗಲೇ ಇಲ್ಲ. "ಕುರುಡು ದೇವ್ರು! ನನ್ನ ಮಗಂಗೆ ಬಾಯಿ ಬಿಟ್ಟು ನಿಲ್ಲು ಅಂದಿ, ಆಮೇಲೆ ಕೈ ಬಿಟ್ಟಿ! ನಿಂಗೆ ಕದಿರು ಬೇರೆ ಕೇಡು!" ಎಂದು ಅಂಗಳದಲ್ಲಿ ನಿಂತು ಬೈಯುತ್ತಿದ್ದಳು. ನಾನು ಎದುರಿಗೇ ಇರುತ್ತಿದ್ದೆ. ನನ್ನ ಪಾಲಿನ ಬೈಗುಳವನ್ನು ಒಂದು ಕಲ್ಲಿನ ಮೇಲೆ ಹಾಕಿ ನಾನು ಅನ್ನ ಉಣ್ಣುತ್ತಿದ್ದೆ, ಪಾಠ ಮಾಡುತ್ತಿದ್ದೆ, ನಿದ್ದೆಯನ್ನೂ ಮಾಡುತ್ತಿದ್ದೆ.

ಕಳೆದ ಹೊಸ್ತಿನ ದಿನ ಗುನಗರೇ ಮನೆಗೆ ಬಂದರು. "ಅಮ್ಮಾ, ಒಂದು ತೆನೆ ಆದ್ರೂ ಕೊಡಿ. ಊರ ದೇವ್ರನ್ನ ಹಂಗೆ ಬಿಡೂಕಾಗ" ಎಂದು ಕೈಮುಗಿದರು. ಅವ್ವಿ ಎರಡು ವರ್ಷದ್ದನ್ನೆಲ್ಲ ಅವರ ಮೇಲೆ ಸುರಿದಳು. "ಎಡಕ್ಕೆ ಕೊಟ್ಟು ನನ್ನ ಮಗನ ಕೊಂದದ್ದು ನಿನ್ನ ದೇವ್ರು!" ಎಂದಳು.

ಗುನಗರು ತಲೆ ಎತ್ತಿ ನನ್ನ ಮುಖ ನೋಡಿದರು. ಅವರಿಗೆ ಆಗಲೇ ಎಲ್ಲ ತಿಳಿಯಿತು, ನಾನು ನೋಡಿದೆ. ಒಂದು ಮಾತಿನಲ್ಲಿ ತನ್ನ ದೇವರನ್ನೂ ತನ್ನನ್ನೂ ಉಳಿಸಿಕೊಳ್ಳಬಹುದಿತ್ತು ಆ ಮನುಷ್ಯ. ಆಡಲಿಲ್ಲ. "ತಪ್ಪಾತು ಅಮ್ಮಾ" ಎಂದು, ತಾನು ಮಾಡದ ತಪ್ಪಿಗೆ ಇನ್ನೊಮ್ಮೆ ಕೈಮುಗಿದು, ಅಂಗಳ ಇಳಿದು ಹೋದರು. ನನಗೆ ಅದು ತಡೆಯಲಿಲ್ಲ. ದೇವರನ್ನು ಬೈದದ್ದನ್ನು ಎರಡು ವರ್ಷ ಕೇಳಿಕೊಂಡಿದ್ದವಳಿಗೆ, ಆ ಮುದುಕರು ತಲೆ ತಗ್ಗಿಸಿ ನಡೆದದ್ದನ್ನು ನೋಡಲಾಗಲಿಲ್ಲ.

"ಅವ್ವಿ, ಅವ್ರನ್ನ ಬೈಬೇಡ. ಆವತ್ತು ಬಲಕ್ಕೆ ಬಿದ್ದಿತ್ತು."

"ಎಂತ?"

"ಎಸಳು. ಬಲಕ್ಕೇ ಬಿದ್ದಿತ್ತು. ಬಸ್ಸಿನ ದಾರಿಗೆ ಹೆದ್ರಿ ನಾನೇ ಎಡಕ್ಕೆ ಅಂತ ಹೇಳ್ದೆ."

ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದರೆ ಸಾಕು ಅನ್ನಿಸಿತ್ತು. ಅವಳು ಜಗುಲಿಯ ಅಂಚಿಗೆ ಕೂತಳು. ಅಲ್ಲಿಂದಲೇ ಕೇಳಿದಳು, "ತಮ್ಮಂಗೆ ಗೊತ್ತಿತ್ತಾ?"

"ಇಲ್ಲ ಅವ್ವಿ. ದೇವ್ರೇ ಹೇಳಿದ್ದು ಅಂತ ನಂಬಿದ್ದ."

"ಹಂಗಾರೆ ಕೊನೀಗೆ ಅಂವ ದೇವ್ರನ್ನ ಬೈದಿರ್ತ," ಅಂದಳು. "ನಿನ್ನ ಬೈಬೇಕಿತ್ತು."

ಎದ್ದು ಹೋಗಿ ಮಿಂದು ಬಂದಳು. ಗದ್ದೆಗೆ ತಾನೇ ಇಳಿದು ಕದಿರು ಕೊಯ್ದಳು. ಮಂಡಿ ನೋವಿನವಳು, ಹಾಳಿಯ ಮೇಲೆ ಎರಡು ಕಡೆ ಕೂತು ಸುಧಾರಿಸಿಕೊಂಡು ದೇವಸ್ಥಾನಕ್ಕೆ ನಡೆದಳು. ನಾನು ಕೈ ಹಿಡಿಯಲು ಹೋದರೆ, "ನೀ ಬರೂದು ಬೇಡ" ಅಂದಳು. ದೇವರ ಹತ್ತಿರ ಎಂತ ಕೇಳಿಕೊಂಡಳೋ ನನಗೆ ಗೊತ್ತಿಲ್ಲ. ಆ ಸಂಜೆಯಿಂದ ಮತ್ತೆ ದೀಪ ಹಚ್ಚುತ್ತಿದ್ದಾಳೆ.

ನನ್ನ ಜೊತೆ ಮಾತು ಬಿಟ್ಟಿಲ್ಲ. ಉಂಡ್ಯಾ ಎಂದು ಕೇಳುತ್ತಾಳೆ, ಗಂಡನ ಮನೆಗೆ ಸೌತೆಕಾಯಿ ಕೊಟ್ಟು ಕಳಿಸುತ್ತಾಳೆ. ಅದನ್ನು ನೋಡಿದ ಯಾರೂ ನಮ್ಮ ನಡುವೆ ಏನೋ ಆಗಿದೆ ಎಂದು ಹೇಳಲಾರರು.

ಹದಿನೈದು ದಿನದ ಹಿಂದೆ ಭಟ್ಕಳದ ಹುಡುಗ ನನಗೆ ಫೋನು ಮಾಡಿದ. ಸುಡಾನಿನಲ್ಲಿ ಒಂದು ಕಡೆ ಆ ಪಡೆಯ ಸೆರೆಯಲ್ಲಿದ್ದ ಕೆಲವರನ್ನು ಬಿಟ್ಟಿದ್ದಾರೆ, ಅವರಲ್ಲಿ ಹೊರದೇಶದವರೂ ಇದ್ದಾರೆ, ಪಟ್ಟಿ ತರಿಸಿ ಎರಡು ಸಲ ಓದಿದೆ ಅಕ್ಕಾ, ಅವನ ಹೆಸರಿಲ್ಲ ಎಂದ. ಎರಡು ಗದ್ದೆ ದಾಟಿ ಅವ್ವಿಯ ಹತ್ತಿರ ಹೋದೆ. ಅವಳು ಕಾಯಿ ತುರಿಯುತ್ತಿದ್ದಳು. ನಿಂತೇ ಹೇಳಿದೆ, ಪಟ್ಟಿ ಬಂದಿದೆ, ಹೆಸರಿಲ್ಲ ಎಂದು. ಒಂದು ಅಕ್ಷರವನ್ನೂ ಕೂಡಿಸಲಿಲ್ಲ, ಕಳೆಯಲಿಲ್ಲ.

ಅವಳು ಕೈ ಒರೆಸಿಕೊಂಡು ಮುಂದೆ ಚಾಚಿದಳು. "ಫೋನು ಆ ಹುಡುಗಂಗೆ ಹಚ್ಚಿ ಕೊಡು," ಅಂದಳು. "ಅಂವ ಹೇಳ್ಲಿ."

ನಾನು ಹಚ್ಚಿ ಕೊಟ್ಟೆ.